ಮಸ್ಕಿಯ ಆಯೇರಿ ಒಪ್ಪಂದ

ನಾನು ಬಹಳ ಬೇಗ ದಂಗಾಗುವ ಮನುಷ್ಯ. ಇದೊಂದು ದೌರ್ಬಲ್ಯ ಎಂದು ಕೆಲವರು ಹೇಳುತ್ತಾರೆ. ನಾನು ಮಾತ್ರ ಇದನ್ನು ಜಾಗೃತ ನಾಗರಿಕನ ಲಕ್ಷಣವೆಂದೇ ತಿಳಿದುಕೊಂಡಿದ್ದೇನೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ದಂಗಾಗಲೆಂದೇ ಕೂರುತ್ತೇನೆ. ಅಡುಗೆಮನೆಯಲ್ಲಿರುವ ನನ್ನ ಹೆಂಡತಿ ಶರಣಮ್ಮನಿಗೆ ಪತ್ರಿಕೆ ಓದುವ ಅಗತ್ಯವೇ ಬೀಳುವುದಿಲ್ಲ. ನನ್ನ ಬಾಯಿಂದ ಹೊರಡುವ "ಛೇ"ಗಳನ್ನು ಕೇಳಿಯೇ ಅವಳು ಸುದ್ದಿ ಊಹಿಸುತ್ತಾಳೆ. ಸಣ್ಣ ಛೇ ಆದರೆ ಕಿತ್ತುಹೋದ ರಸ್ತೆ. ಎಳೆದ ಛೇ ಆದರೆ ಯಾರೋ ಪಕ್ಷ ಬಿಟ್ಟಿದ್ದಾರೆ. ಛೇ ಎಂದು ಕಪ್ಪು ಕುಕ್ಕಿದ ಸಪ್ಪಳ ಬಂದರೆ ಮಾತ್ರ ಅವಳು ಒಳಗಿನಿಂದ ಕೇಳುತ್ತಾಳೆ: "ಯಾಕ್ರಿ, ಮತ್ತ ಯಾವ್ದರ ದೇಶದ ಜೊತಿ ಕರಾರು ಮಾಡ್ಕೊಂಡ್ರೇನು?"

ಈ ಕೊನೆಯ ಬಗೆಯ ಛೇಯ ಬಗ್ಗೆ ಸ್ವಲ್ಪ ವಿವರಿಸಬೇಕು. ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅದನ್ನೇ ವರ್ಷಗಟ್ಟಲೆ ಕಲಿಸುತ್ತಿದ್ದರೂ ಒಂದು ಸಂಗತಿ ಪ್ರತಿ ಸಲ ಹೊಸದಾಗಿ ನನ್ನನ್ನು ದಂಗುಬಡಿಸುತ್ತದೆ. ನಮ್ಮ ಸರ್ಕಾರ ಬೇರೆ ದೇಶದ ಜೊತೆ ಸುಂಕ, ತೆರಿಗೆ, ಸಾಲ ಇಂಥವುಗಳ ಒಪ್ಪಂದ ಮಾಡಿಕೊಳ್ಳುವಾಗ ನಮ್ಮನ್ನು ಕೇಳುವುದಿಲ್ಲ. ನಮ್ಮನ್ನು ಬಿಡಿ, ಸಹಿ ಹಾಕುವ ಮುಂಚೆ ಸಂಸತ್ತನ್ನಾದರೂ ಕೇಳಲೇಬೇಕು ಎಂಬ ಕಟ್ಟುಪಾಡೂ ಇಲ್ಲ. ಎಲ್ಲೋ ಸಮುದ್ರದಾಚೆಯ ಊರಿನಲ್ಲಿ, ತಣ್ಣನೆಯ ಕೋಣೆಯಲ್ಲಿ, ಸೂಟು ಹಾಕಿಕೊಂಡ ಇಬ್ಬರು ದೊಡ್ಡ ಮನುಷ್ಯರು ದಪ್ಪ ಪೆನ್ನಿನಿಂದ ಸಹಿ ಹಾಕಿ, ಕೈ ಕುಲುಕಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ವಲ್ಪ ದಿನ ಕಳೆದು ಇಲ್ಲಿ ನಮ್ಮ ಸಿಂಧನೂರಿನ ಗಂಜಿನಲ್ಲಿ, ಎಂದರೆ ದವಸದ ಮಾರುಕಟ್ಟೆಯಲ್ಲಿ, ಭತ್ತದ ಧಾರಣೆ ಅಲುಗಾಡುತ್ತದೆ. ತುರ್ವಿಹಾಳದಿಂದ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಬಂದವನು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತು "ಯಾಕ ಹಿಂಗಾತು?" ಎಂದು ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ. ಸಹಿ ಹಾಕಿದವರಿಗೆ ತುರ್ವಿಹಾಳ ಗೊತ್ತಿಲ್ಲ, ತುರ್ವಿಹಾಳದವನಿಗೆ ಸಹಿ ಹಾಕಿದ್ದೇ ಗೊತ್ತಿಲ್ಲ. ಇಂಥ ಒಪ್ಪಂದಗಳನ್ನು ಪ್ರಜೆಗಳ ಮತಕ್ಕೆ ಹಾಕಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತರಗತಿಯಲ್ಲಿ, ಚಹಾದಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡೂ ಇದನ್ನೇ ಹೇಳಿದ್ದೇನೆ. ಕತ್ತಿ ಕೆನ್ನೆಯ ಮೇಲಿದ್ದಾಗ ಮಾತ್ರ ಸುಮ್ಮನಿರುತ್ತೇನೆ.

ನಮ್ಮ ಕಾಲೇಜಿನಲ್ಲಿ ನನಗೊಬ್ಬ ಖಾಯಂ ವಿರೋಧಿ ಇದ್ದಾರೆ. ಅರ್ಥಶಾಸ್ತ್ರದ ಖಾದರ್ ಸರ್. ಅತ್ಯಂತ ಸಜ್ಜನರು, ನನ್ನ ಮಾತು ಮುಗಿಯುವ ತನಕ ಕಾಯುತ್ತಾರೆ, ಆಮೇಲೆ ಮೂಲಕ್ಕೇ ಕೊಡಲಿ ಹಾಕುತ್ತಾರೆ. "ಅರೆ ಸರ್, ಒಪ್ಪಂದ ಅಂದ್ರ ಏನ್ ತಿಳ್ಕೊಂಡೀರಿ? ಇಷ್ಟು ದಪ್ಪ ಪುಸ್ತಕ ಇರತೈತಿ. ಯಾರ್ ಓದತಾರ ಅದನ್ನ? ಹಣಕಾಸಿನ ವಿಷಯ ಮಂದಿಗೆ ತಿಳಿಯಂಗಿಲ್ರಿ. ಓಟ್ ಹಾಕಂದ್ರ ಎಲ್ರೂ ತಮ್ಮ ತಮ್ಮ ಮನಸ್ಸಿನ್ಯಾಗ ಇದ್ದದ್ದಕ್ಕ ಹಾಕ್ತಾರ, ಒಪ್ಪಂದಕ್ಕ ಯಾರೂ ಹಾಕಂಗಿಲ್ಲ" ಎನ್ನುತ್ತಾರೆ. "ಮಂದಿಗೆ ತಿಳಿಯಂಗಿಲ್ಲ" ಎಂಬ ಆ ಒಂದು ಮಾತು ಕೇಳಿದರೆ ಸಾಕು, ನನ್ನ ರಕ್ತದೊತ್ತಡ ಏರುತ್ತದೆ. ಒಬ್ಬ ವಿದ್ಯಾವಂತ ಇಂಥ ಮಾತಾಡಬಹುದೇ ಎಂದು ಸ್ಟಾಫ್ ರೂಮಿನಲ್ಲಿ ನಾನು ಎಷ್ಟು ಸಲ ದಂಗಾಗಿದ್ದೇನೋ ಲೆಕ್ಕವಿಲ್ಲ.

ಹೀಗಿರುವಾಗ ಲಿಂಗಸುಗೂರಿನ ಒಂದು ಕಾಲೇಜಿನವರು ಚರ್ಚಾಸ್ಪರ್ಧೆ ಇಟ್ಟು ನನ್ನನ್ನು ಮುಖ್ಯ ಅತಿಥಿಯಾಗಿ ಕರೆದರು. ವಿಷಯ: "ಅಂತರರಾಷ್ಟ್ರೀಯ ಹಣಕಾಸು ಒಪ್ಪಂದಗಳಿಗೆ ಪ್ರಜೆಗಳ ಮತ ಬೇಕೆ?" ಆಮಂತ್ರಣ ಪತ್ರಿಕೆ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಭಾಷಣವನ್ನು ಮನೆಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದೆ. ಕೇಳಲು ಶರಣಮ್ಮ ಒಬ್ಬಳೇ ಇದ್ದಳು. ಅವಳು ಮೆಂತ್ಯೆ ಸೊಪ್ಪು ಸೋಸುತ್ತಾ ಕೇಳಿದಳು, ಅಕ್ಕಿ ಆರಿಸುತ್ತಾ ಕೇಳಿದಳು, ಒಮ್ಮೆ ಕಣ್ಣುಮುಚ್ಚಿಯೂ ಕೇಳಿದಳು. ನನ್ನ ಭಾಷಣದ ಎತ್ತರದ ಜಾಗ ಯಾವುದೆಂದರೆ ಕೊನೆಗೆ ಬಲಗೈ ಎತ್ತಿ, "ಯಾರ ಬದುಕಿಗೆ ಒಪ್ಪಂದದ ಬಿಸಿ ತಾಕುತ್ತದೋ ಅವರನ್ನು ಕೇಳದೆ ಹಾಕಿದ ಸಹಿ ಸಹಿಯೇ ಅಲ್ಲ!" ಎನ್ನುವುದು. ಇಲ್ಲಿ ನಾನೇ ಬರೆದುಕೊಂಡ ಪ್ರಕಾರ ಚಪ್ಪಾಳೆ ಬರಬೇಕು. ಲಿಂಗಸುಗೂರಿನಲ್ಲಿ ಸರಿಯಾಗಿ ಅಲ್ಲಿಯೇ ಬಂತು. ನಾನು ಹಾರ ಹಾಕಿಸಿಕೊಂಡು ಗಾಳಿಯಲ್ಲಿ ತೇಲುತ್ತಾ ವೇದಿಕೆ ಇಳಿದೆ.

ಸಭೆಯ ಹಿಂದಿನ ಸಾಲಿನಲ್ಲಿ ನನ್ನ ಹಿರಿಯ ಷಡ್ಡಕ ಶಿವಪ್ಪನವರು ಕೂತಿದ್ದರು. ಸಂತೆಕಲ್ಲೂರಿನ ನಮ್ಮ ತೀರಿಹೋದ ಮಾವನವರಿಗೆ ಮೂರು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಹಿರಿಯವಳು ಅಮರಮ್ಮ, ಲಿಂಗಸುಗೂರಿನ ಶಿವಪ್ಪನವರ ಹೆಂಡತಿ. ನಡುವಿನವಳು ನನ್ನ ಶರಣಮ್ಮ. ಕಿರಿಯವಳು ಮಲ್ಲಮ್ಮ, ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ವೀರೇಶನ ಹೆಂಡತಿ. ಮೂರೂ ಊರು ಒಂದೇ ರಸ್ತೆಯ ಮೇಲಿವೆ, ನಡುವೆ ಮಸ್ಕಿ. ಆ ಕಾಲಕ್ಕೆ ಮಲ್ಲಮ್ಮನ ಮಗಳು ಸುಮಾ ತುಂಬಿದ ಬಸುರಿ, ತಾಯಿಯ ಮನೆಯಲ್ಲೇ ಇದ್ದಳು. ಮುಂದಿನ ವಾರ ಅಲ್ಲಿ ಕಾರ್ಯಕ್ರಮ. ಶಾಮಿಯಾನ, ಅಡುಗೆಯವರು, ನೀರಿನ ಟ್ಯಾಂಕರ್ ಇವುಗಳ ಬಗ್ಗೆ ಮಾತಾಡೋಣ ಎಂದು ಶಿವಪ್ಪನವರೂ ನಾನೂ ಒಂದೇ ಬಸ್ಸಿನಲ್ಲಿ ಮಸ್ಕಿಗೆ ಬಂದೆವು. ವೀರೇಶ ಬಸ್ ಸ್ಟ್ಯಾಂಡಿಗೇ ಬಂದು ನಮ್ಮನ್ನು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಹೋಟೆಲಿಗೆ ಕರೆದುಕೊಂಡು ಹೋದ. ಅವನ ಮುಖ ಬಾಡಿತ್ತು.

"ಏನಾತೋ ತಮ್ಮಾ?" ಎಂದರು ಶಿವಪ್ಪನವರು.

"ಆಯೇರಿ ಅರಿಬಿ ತರಾಕ ಹೋಗಿದ್ದೆ ಅಣ್ಣಾರ, ಮಲ್ಲಿ ಜೋಡಿ. ಮುಂಜಾನಿಂದ ಅಂಗಡ್ಯಾಗ ಕುಂತು ಕುಂತು ಸೊಂಟ ಹಿಡದೈತಿ. ನೂರಾ ಎಂಟು ಸೀರಿ ಬಿಚ್ಚಿಸಿ, 'ಇದು ಅಕ್ಕಗ ಒಪ್ಪಂಗಿಲ್ಲ' ಅಂತ ಎದ್ದು ಬಂದ್ಲು."

ಆಯೇರಿ ಎಂದರೆ ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆ ಯಾವ ಕಾರ್ಯವಾದರೂ ಹತ್ತಿರದ ಬಂಧುಗಳು ಹೆಂಗಸರಿಗೆ ಸೀರೆ-ಕುಬಸದ ಬಟ್ಟೆ, ಗಂಡಸರಿಗೆ ಅಂಗಿಬಟ್ಟೆ-ಟವೆಲ್ಲು-ಟೋಪಿ ತರುತ್ತಾರೆ. ತಂದವರಿಗೆ ಮನೆಯವರೂ ತಿರುಗಿ ಕೊಡಬೇಕು, ಬಂದ ಬಂಧುಗಳೂ ತಮ್ಮತಮ್ಮಲ್ಲಿ ಕೊಟ್ಟುಕೊಳ್ಳಬೇಕು. ತಂದದ್ದು, ಕೊಟ್ಟದ್ದು ಎರಡೂ ಸಾಮಾನ್ಯವಾಗಿ ಉಡುವುದಕ್ಕಾಗಲೀ ತೊಡುವುದಕ್ಕಾಗಲೀ ಬರುವುದಿಲ್ಲ. ಅವು ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕೂತಿದ್ದು ಮುಂದಿನ ಕಾರ್ಯಕ್ಕೆ ಮುಂದಿನ ಮನೆಗೆ ಹೋಗುತ್ತವೆ. ಹಸಿ ಸಿಮೆಂಟಿನ ಬಣ್ಣದ ಒಂದು ಅಂಗಿಬಟ್ಟೆಯನ್ನು ನಾನು ಶಿವಪ್ಪನವರ ಮನೆಯ ಕಾರ್ಯದಲ್ಲಿ ಅವರಿಗೆ ಕೊಟ್ಟಿದ್ದೆ. ಅವರು ಅದನ್ನು ವೀರೇಶನಿಗೆ ಕೊಟ್ಟರು. ವೀರೇಶ ನನಗೆ ಕೊಟ್ಟ. ಮೂಲೆಯಲ್ಲಿ ನನ್ನದೇ ಪೆನ್ನಿನ ಮಸಿ ತಾಗಿದ ಗುರುತಿದ್ದುದರಿಂದ ಅದು ನಾನು ಕೊಟ್ಟದ್ದೇ ಎಂದು ಪತ್ತೆ ಹಚ್ಚಿದೆ. ಅಂಥ ಬಣ್ಣದ ಅಂಗಿಯನ್ನು ತೊಟ್ಟುಕೊಂಡು ಕಟ್ಟಡದ ಕೆಲಸ ನಡೆಯುವ ಕಡೆ ನಿಂತರೆ ಯಾರಾದರೂ ಕರಣೆ ಹಿಡಿದು ಬಂದಾರು. ಅದು ಈಗ ನಮ್ಮ ಕಪಾಟಿನಲ್ಲಿ, ಸುಮಾಳ ಕಾರ್ಯಕ್ಕೆ ಮತ್ತೆ ಶಿವಪ್ಪನವರಿಗೆ ಹೋಗಲು ಸಿದ್ಧವಾಗಿತ್ತು. ಇದನ್ನು ನಾನು ಹೋಟೆಲಿನಲ್ಲಿ ಬಾಯಿಬಿಟ್ಟು ಹೇಳಿಬಿಟ್ಟೆ.

ಶಿವಪ್ಪನವರು ಮಿರ್ಚಿ ಕಚ್ಚಿದವರು ಹಾಗೇ ನಿಂತರು. "ಮತ್ತ ನನಗಾ?" ಎಂದರು. ಅವರ ಕಣ್ಣಲ್ಲಿ ನೀರು ಬಂತು. ಮಿರ್ಚಿಯ ಖಾರಕ್ಕೋ ಬೇರೆ ಕಾರಣಕ್ಕೋ ಹೇಳಲಾರೆ.

ಆಗ ನನ್ನಲ್ಲಿದ್ದ ರಾಜ್ಯಶಾಸ್ತ್ರಜ್ಞ ಎದ್ದು ನಿಂತ. ಮೂರು ಸ್ವತಂತ್ರ ಮನೆಗಳು, ಮೂವರು ಯಜಮಾನರು, ಎಲ್ಲರಿಗೂ ಒಂದೇ ಕಷ್ಟ. ಒಪ್ಪಂದಕ್ಕೆ ಇನ್ನೇನು ಬೇಕು? ಚೀಲದಲ್ಲಿದ್ದ ಕಾಗದ ತೆಗೆದು, ಎಣ್ಣೆಯ ಕೈ ಒರೆಸಿಕೊಂಡು, ಅಚ್ಚುಕಟ್ಟಾಗಿ ಕಲಮುಗಳನ್ನು ಬರೆದೆ. ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಮನೆಗಳು ಇನ್ನು ಮುಂದೆ ಪರಸ್ಪರ ಆಯೇರಿ ಅರಿವೆ ಕೊಡತಕ್ಕದ್ದಲ್ಲ, ತೆಗೆದುಕೊಳ್ಳತಕ್ಕದ್ದಲ್ಲ, ಈ ಒಪ್ಪಂದ ತಕ್ಷಣದಿಂದ ಜಾರಿಗೆ ಬರತಕ್ಕದ್ದು. "ತಕ್ಕದ್ದು" ಎಂದು ಬರೆಯುವಾಗ ಸಿಗುವ ಸುಖವನ್ನು ಕರಡು ಬರೆದವರೇ ಬಲ್ಲರು. ಮೂವರೂ ದಸ್ಕತ್ ಹಾಕಿದೆವು. ಕೈ ಕುಲುಕಿದೆವು. ಹೋಟೆಲಿನವನಿಂದ ಫೋಟೋ ಕೂಡ ತೆಗೆಸಿಕೊಂಡೆವು. ಆಮೇಲೆ ಮತ್ತೊಂದು ಪ್ಲೇಟು ಮಿರ್ಚಿ ತರಿಸಿ ಟ್ಯಾಂಕರಿನ ಮಾತಿಗೆ ಬಂದೆವು.

ಸಿಂಧನೂರಿಗೆ ಬಂದಾಗ ಸಂಜೆ. ಶರಣಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ನಿನ್ನ ಕಪಾಟಿನ ಭಾರ ಇಳಿಸಿ ಬಂದೀನಿ ನೋಡು" ಎಂದು ಘನವಾಗಿ ಶುರು ಮಾಡಿ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮ ಕಡೆಯ ಮನೆಗಳಲ್ಲಿ ಆ ಸಪ್ಪಳ ನಡುವೆ ನಿಂತರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಪಕ್ಕದ ಮನೆಯ ಟಿ.ವಿ. ಸದ್ದೂ ಕಡಿಮೆಯಾದಂತೆ ನನಗನಿಸಿತು. ಅವಳು ಹಿಟ್ಟಿನ ಕೈ ಚಾಚಿ, "ಕಾಗದ ಕೊಡ್ರಿ ಇಲ್ಲೆ" ಎಂದಳು.

ಕೊಟ್ಟೆ. ನಿಧಾನವಾಗಿ ಓದಿದಳು. ಆಮೇಲೆ ಅದನ್ನು ತಿರುವಿದಳು. ತಿರುವಿದವಳು ಇನ್ನೂ ನಿಧಾನವಾಗಿ, ಗಟ್ಟಿಯಾಗಿ ಓದತೊಡಗಿದಳು: "ಅಂತರರಾಷ್ಟ್ರೀಯ ಹಣಕಾಸು ಒಪ್ಪಂದಗಳಿಗೆ ಪ್ರಜೆಗಳ ಮತ ಬೇಕೆ..."

ಓದುಗರೇ, ಆಗ ನನಗೆ ನೆನಪಾಯಿತು. ನಾನು ಒಪ್ಪಂದ ಬರೆದದ್ದು ಆ ದಿನದ ಆಮಂತ್ರಣ ಪತ್ರಿಕೆಯ ಹಿಂಬದಿಯ ಮೇಲೆ. ಮುಂಬದಿಯಲ್ಲಿ ವಿಷಯ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಮಧ್ಯಾಹ್ನದ ತನಕ ಒಂದು ಬದಿಯ ಪರವಾಗಿ ಗಂಟಲು ಹರಿದುಕೊಂಡವನು ಮಿರ್ಚಿ ತಿನ್ನುವ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಸಹಿ ಹಾಕಿದ್ದೆ. ದಾರಿಯುದ್ದಕ್ಕೂ ಅದು ನನಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬಬೇಕು. ಅಷ್ಟು ವರ್ಷ ಜಗತ್ತನ್ನು ನೋಡಿ ದಂಗಾದವನು ನನ್ನನ್ನೇ ನೋಡಿ ದಂಗಾದದ್ದು ಅದೇ ಮೊದಲು.

"ಯಾರ ಬದುಕಿಗೆ ಒಪ್ಪಂದದ ಬಿಸಿ ತಾಕುತ್ತದೋ..." ಎಂದು ಶರಣಮ್ಮ ಬಲಗೈ ಎತ್ತಿದಳು. ಕೈಯಲ್ಲಿ ಹಿಟ್ಟಿತ್ತು. "ಯಾರನ್ನ ಕೇಳಿ ದಸ್ಕತ್ ಹಾಕೀರಿ?"

"ಇದು ಬ್ಯಾರೆ, ಅದು ಬ್ಯಾರೆ. ಅದು ದೇಶದ ವಿಷಯ."

"ಮುಂದಿನ ವಾರ ಮಸ್ಕ್ಯಾಗ ಏನೈತ್ರಿ?"

"ಸುಮಾಂದು ಕಾರ್ಯಕ್ರಮ."

"ಏನ್ ಕಾರ್ಯಕ್ರಮ?"

"ಕುಬಸ" ಎಂದೆ. ಎಂದವನು ಬಾಯಿ ತೆರೆದುಕೊಂಡು ನಿಂತೆ. ಬೇರೆ ಕಡೆ ಸೀಮಂತ ಎನ್ನುವುದನ್ನು ನಮ್ಮಲ್ಲಿ ಕುಬಸ ಎನ್ನುತ್ತೇವೆ. ಕುಬಸ ಎಂದರೆ ರವಿಕೆಯೇ. ತವರಿನ ಕಡೆಯ ಹೆಂಗಸರು ಬಸುರಿಗೆ ಸೀರೆ ಉಡಿಸಿ, ಕುಬಸದ ಬಟ್ಟೆಯಿಟ್ಟು, ಅಕ್ಕಿ-ಕಾಯಿ ಹಾಕಿ ಉಡಿ, ಎಂದರೆ ಮಡಿಲು, ತುಂಬುವುದೇ ಆ ಕಾರ್ಯ. ಬಟ್ಟೆ ತೆಗೆದರೆ ಅಲ್ಲಿ ಉಳಿಯುವುದು ಶಾಮಿಯಾನ ಮತ್ತು ನೀರಿನ ಟ್ಯಾಂಕರ್ ಮಾತ್ರ. ಅವೆರಡರ ಬಗ್ಗೆಯೇ ನಾವು ಮೂವರು ಗಂಡಸರು ತಲೆ ಕೆಡಿಸಿಕೊಂಡಿದ್ದೆವು. ಅದೇ ಕಾರ್ಯದ ಮಾತಾಡಲು ಕೂತು, ಅದೇ ಕಾರ್ಯವನ್ನು ತಕ್ಷಣದಿಂದ ರದ್ದು ಮಾಡಿ ಎದ್ದಿದ್ದೆವು.

ತಪ್ಪು ತಿಳಿದ ಮೇಲೆ ಒಪ್ಪಿಕೊಳ್ಳಬೇಕಿತ್ತು. ಆದರೆ ಸಹಿ ಹಾಕಿದ ಮನುಷ್ಯನಿಗೆ ಅದು ಅಷ್ಟು ಸುಲಭವಲ್ಲ. ಸರ್ಕಾರಗಳ ಬಗ್ಗೆ ನನಗೆ ಆ ಸಂಜೆ ಮೊದಲ ಸಲ ಸ್ವಲ್ಪ ಸಹಾನುಭೂತಿ ಹುಟ್ಟಿತು. ಗಂಟಲು ಸರಿಮಾಡಿಕೊಂಡು, "ನೋಡು, ಇದು ಮೂರು ಮನಿ ಖರ್ಚಿನ ವಿಷಯ. ಮುಂದಿಂದು ವಿಚಾರ ಮಾಡಿ ಮಾಡೇವಿ. ಹಣಕಾಸಿನ ವಿಷಯ ನಿಮಗ ತಿಳಿಯಂಗಿಲ್ಲ" ಎಂದೆ. ಮಾತು ಹೊರಬಿದ್ದ ಮರುಕ್ಷಣ ಗರಬಡಿದವನಂತಾದೆ. ಅದು ನನ್ನ ಮಾತಾಗಿರಲಿಲ್ಲ. ನನ್ನ ಬಾಯಿಯೊಳಗಿಂದ ಖಾದರ್ ಸರ್ ಮಾತಾಡಿದ್ದರು!

ಶರಣಮ್ಮ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟು, ಸ್ಟೋವಿನ ಉರಿ ಸಣ್ಣ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಖರ್ಚು ನನಗ ತಿಳಿಯಂಗಿಲ್ಲ, ಖರೇ. ನಿಮಗ ಒಂದ್ ಮಾತ್ ತಿಳದೈತೇನು? ನಮ್ಮವ್ವ ಹೋದ್ ಮ್ಯಾಲ ಸಂತೆಕಲ್ಲೂರಾಗ ನಮಗ ಯಾರೂ ಇಲ್ಲ. ಅಣ್ಣ ಇಲ್ಲ, ತಮ್ಮ ಇಲ್ಲ. ಸಂತೆಕಲ್ಲೂರ ಬಸ್ ನೋಡಿದ್ರ ಈಗೂ ಕೈ ತಾನ ಮ್ಯಾಲೇಳತೈತ್ರಿ. ಹತ್ತಿ ಯಾರ ಮನಿಗೆ ಹೋಗ್ಲಿ? ಅಕ್ಕ ನನಗ ಸೀರಿ ಉಡಿಸಿ ಉಡಿ ತುಂಬುವಾಗ ಅಕಿ ನಮ್ಮವ್ವ ಆಗಿರ್ತಾಳ. ನಾ ತಂಗಿ ಮಲ್ಲಿಗೆ ಉಡಿ ತುಂಬುವಾಗ ನಾ ಅಕಿಗೆ ಅವ್ವ. ನಮಗ ಉಳಿದಿರೋ ತವರುಮನಿ ಅಂದ್ರ ಅಷ್ಟರಿ. ಅದ ಸೀರಿ ತಿರುಗಿ ಬಂದ್ರ ಬರ್ಲಿ. ನನಗೂ ಗುರ್ತ ಸಿಗತೈತಿ, ನನ್ನ ಕಣ್ಣೇನ್ ಕುರುಡಿಲ್ಲ. ಬಂತಲ್ಲ ಅಂತ ಖುಷಿ ಆಗತೈತಿ. ಅದನ್ನ ಮಿರ್ಚಿ ತಿನ್ಕೋತ ದಸ್ಕತ್ ಹಾಕಿ ಮುಗಿಸಿ ಬಂದ್ರಿ. ಈಗ ನಾಳಿ ಆ ಹುಡುಗಿ ಅತ್ತಿ ಮನಿ ಮಂದಿ ಬಂದು ಕುಂತಿರ್ತಾರ. ದೊಡ್ಡವ್ವ ಆದಾಕಿ ನಾ ಬರಿಗೈಲೆ ಹೋಗಿ ಅಕಿ ಉಡಿಯಾಗ ಏನ್ ಹಾಕ್ಲಿ? ನಿಮ್ಮ ಕಾಗದಾನ?"

ನನಗೆ ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಅವಳ ಜೊತೆ ಬಾಳಿದ್ದೇನೆ, ಆ ಬಸ್ಸಿನ ಮಾತು ಅವಳು ಒಮ್ಮೆಯೂ ಹೇಳಿರಲಿಲ್ಲ, ನಾನು ಒಮ್ಮೆಯೂ ಕೇಳಿರಲಿಲ್ಲ. ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿರುವ ಬಟ್ಟೆ ಎಂದರೆ ನನಗೆ ದಂಡದ ಖರ್ಚು ಎಂದಷ್ಟೇ ಕಾಣುತ್ತಿತ್ತು. ಆದರೂ ಹಾಳು ಬುದ್ಧಿ ನೋಡಿ, ನನ್ನ ಬಾಯಿಂದ ಬಂದದ್ದು ಬೇರೆಯೇ: "ಮೂರು ಮಂದಿ ಸಹಿ ಐತಿ. ನಾನೊಬ್ಬನ ಹಿಂದ ಸರಿಯಾಕ ಬರಂಗಿಲ್ಲ."

"ಹಂಗಾರ ಓಟ್ ಹಾಕ್ಸ್ರಿ" ಎಂದಳು ಶರಣಮ್ಮ. "ನಿಮ್ಮ ಭಾಷಣದಾಗ ಹಂಗ ಐತಿ."

ಅಷ್ಟು ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅತ್ತ ಕಡೆ ಅಮರಮ್ಮ, ಅವಳ ಜೊತೆ ಅದೇ ಕರೆಯಲ್ಲಿ ಮಲ್ಲಮ್ಮ. ಮೂವರೂ ಒಟ್ಟಿಗೆ ಮಾತಾಡುವ ಆ ವಿದ್ಯೆಯನ್ನು ಫೋನಿನಲ್ಲಿ ಅವರು ಯಾವಾಗ ಕಲಿತರೋ ನನಗೆ ಗೊತ್ತಿಲ್ಲ. ಲಿಂಗಸುಗೂರಿನಲ್ಲಿ ಅಮರಮ್ಮ ಗಂಡನ ಊಟ ಬಡಿಸಿ, ತಟ್ಟೆ ಮುಚ್ಚಿಟ್ಟು, ಮಾತು ಬಿಟ್ಟಿದ್ದಳು. ಮಸ್ಕಿಯಲ್ಲಿ ಮಲ್ಲಮ್ಮ, "ಶಾಮಿಯಾನದಾಗ ನೀನ ಸೀರಿ ಉಟ್ಟು ಕುಂದ್ರು" ಎಂದು ವೀರೇಶನಿಗೆ ಹೇಳಿದ್ದಳು. ಮತದಾನದ ಮಾತು ಬಂದ ಕೂಡಲೇ ಅಕ್ಕತಂಗಿಯರು ಮಂಜೂರು ಮಾಡಿದರು. ನನಗೂ ಒಳಗೊಳಗೇ ಸಮಾಧಾನವಾಯಿತು. ಮತಕ್ಕೆ ಹಾಕಿದರೆ ನಾನು ತತ್ವ ಬಿಟ್ಟಂತೆಯೂ ಆಗುವುದಿಲ್ಲ, ಸಹಿ ಮುರಿದಂತೆಯೂ ಆಗುವುದಿಲ್ಲ. ಮರುದಿನ ಖಾದರ್ ಸರ್ ಮುಂದೆ, "ನಾವು ಮನೆಯಲ್ಲೇ ಪ್ರಯೋಗ ಮಾಡುತ್ತಿದ್ದೇವೆ" ಎಂದು ಹೇಳಿದೆ. ಅವರು ವಿಷಯವನ್ನೆಲ್ಲ ಕೇಳಿಕೊಂಡು, "ಸರ್, ಈ ಸಲ ನಾನೂ ಪ್ರಜೆಗಳ ಪರ ಅದೀನಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನಗುವನ್ನು ಮುಚ್ಚಿಕೊಳ್ಳಲು ಅವರು ಹಾಗೆ ಮಾಡುತ್ತಾರೆ.

ಕುಬಸದ ಹಿಂದಿನ ದಿನ, ಬೀಗರು ಬರುವ ಮುಂಚೆ, ಮಸ್ಕಿಯ ಮನೆಯ ಪಡಸಾಲೆಯಲ್ಲಿ ಮತದಾನ ಏರ್ಪಾಡಾಯಿತು. ಮೂವರು ಅಕ್ಕತಂಗಿಯರು, ಮೂವರು ಗಂಡಂದಿರು, ಬಸುರಿ ಸುಮಾ, ವೀರೇಶನ ತಾಯಿ ಬಸಮ್ಮಜ್ಜಿ, ಇಷ್ಟೇ ಮತದಾರರು. ಅಜ್ಜಿಗೆ ಓದು ಬಾರದು. ಆದ್ದರಿಂದ ಕಾಳುಗಳ ಮತದಾನ. ಪ್ರತಿಯೊಬ್ಬರ ಕೈಗೆ ಒಂದು ಜೋಳದ ಕಾಳು, ಒಂದು ತೊಗರಿ ಕಾಳು. ಒಪ್ಪಂದ ಇರಲಿ ಎನ್ನುವವರು ತಂಬಿಗೆಗೆ ಜೋಳ ಹಾಕಬೇಕು, ಬೇಡ ಎನ್ನುವವರು ತೊಗರಿ. ತಂಬಿಗೆಯ ಬಾಯಿಗೆ ಟವೆಲ್ಲು ಮುಚ್ಚಿ ದೇವರ ಕೋಣೆಯಲ್ಲಿಟ್ಟೆವು. ಚುನಾವಣಾಧಿಕಾರಿ ನಾನೇ. ಗುಪ್ತ ಮತದಾನದ ಪಾವಿತ್ರ್ಯದ ಬಗ್ಗೆ ನಾಲ್ಕು ಮಾತು ಹೇಳಿದೆ. ಅಜ್ಜಿ ಕಿವಿಗೆ ಕೈ ಹಚ್ಚಿ ಎಲ್ಲ ಕೇಳಿ, "ಎಲ್ಲಾ ಖರೇ ಮಾಸ್ತರ, ಓಟಿಗೆ ಏನ್ ಕೊಡ್ತೀರಿ?" ಎಂದಳು.

"ಏನೂ ಕೊಡಂಗಿಲ್ಲಜ್ಜಿ."

"ಒಂದ್ ಸೀರಿ ಸೈತ ಇಲ್ಲ? ಇದೆಂಥಾ ಎಲೆಕ್ಷನ್ನು!"

ಒಬ್ಬೊಬ್ಬರಾಗಿ ದೇವರ ಕೋಣೆಗೆ ಹೋಗಿ ಬಂದರು. ಸುಮಾ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನ ನಡೆದು ಹೋದಳು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, "ದೊಡ್ಡಪ್ಪ, ನಾಳಿ ನಮ್ಮತ್ತಿಯಾರು ನೋಡಾಕತ್ತಿರ್ತಾರ" ಎಂದಳು, ಅಷ್ಟೇ. ಕೊನೆಗೆ ನನ್ನ ಸರದಿ. ತಂಬಿಗೆಯ ಮುಂದೆ ಕೂತೆ. ಅಂಗೈಯಲ್ಲಿ ಎರಡು ಕಾಳು. ಒಪ್ಪಂದದ ಪ್ರತಿಯೊಂದು "ತಕ್ಕದ್ದು" ನನ್ನ ಸ್ವಂತ ಕೈಬರಹ. ಆದರೆ ಕಣ್ಣ ಮುಂದೆ ಬಂದದ್ದು ಸಂತೆಕಲ್ಲೂರಿನ ಬಸ್ಸಿಗೆ ಏಳುವ ಶರಣಮ್ಮನ ಕೈ. ಷಡ್ಡಕರ ಎರಡು ಜೋಳವಂತೂ ಬಿದ್ದೇ ಇರುತ್ತದೆ, ಹೇಗೂ ನಾವು ಸೋಲುತ್ತೇವೆ, ನನ್ನದೊಂದು ತೊಗರಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿ, ಮೆಲ್ಲಗೆ ತೊಗರಿ ಬಿಟ್ಟೆ. ಹೊರಗೆ ಬರುವಾಗ ಮುಖವನ್ನು ಆದಷ್ಟು ಗಂಭೀರವಾಗಿಟ್ಟುಕೊಂಡೆ.

ಎಲ್ಲರೂ ಸುತ್ತ ಕೂತರು. ನಾನು ತಂಬಿಗೆಯನ್ನು ಮೊರಕ್ಕೆ ಬೋರಲು ಹಾಕಿದೆ. ತೊಗರಿ. ಮೊರವನ್ನು ಅಲುಗಿಸಿದೆ. ತೊಗರಿ. ತಂಬಿಗೆಯ ತಳವನ್ನು ತಟ್ಟಿದೆ, ಒಳಗೆ ಕೈ ಹಾಕಿ ತಡವಿದೆ. ಹೆಸರಿಗೊಂದು ಜೋಳದ ಕಾಳಿರಲಿಲ್ಲ. ನಾನು ಶಿವಪ್ಪನವರನ್ನು ನೋಡಿದೆ, ಅವರು ವೀರೇಶನನ್ನು ನೋಡಿದರು, ವೀರೇಶ ನನ್ನನ್ನು ನೋಡಿದ. ಮೂವರ ಮುಖದಲ್ಲೂ ಒಂದೇ ಬಗೆಯ ಆಘಾತ. ನಾನೊಬ್ಬನೇ ಕೈಕೊಟ್ಟೆ, ಉಳಿದಿಬ್ಬರು ಗಟ್ಟಿ ನಿಂತಿರುತ್ತಾರೆ ಎಂದು ಮೂವರೂ ನಂಬಿದ್ದೆವು. ಒಪ್ಪಂದಕ್ಕೆ ಸಹಿ ಹಾಕಿದವರ ಮತವೂ ಒಪ್ಪಂದಕ್ಕೆ ಬಿದ್ದಿರಲಿಲ್ಲ.

"ಮಾಸ್ತರ, ನೀವೂನಾ?" ಎಂದರು ಶಿವಪ್ಪನವರು ನೊಂದ ದನಿಯಲ್ಲಿ. ಅವರೇನು ಹಾಕಿದ್ದರೆಂದು ಕೇಳುವಷ್ಟು ಧೈರ್ಯ ನನಗೂ ಬರಲಿಲ್ಲ. ಅಮರಮ್ಮ ಮಾತ್ರ ಗಂಡನ ಕಡೆ ನೋಡಿದಳು. ಮಾತು ಬಿಟ್ಟ ಮೇಲೆ ಮೊದಲ ಸಲ, "ಚಾ ಕುಡೀತೀರೇನು?" ಎಂದಳು. ಆ ದೊಡ್ಡ ಮನುಷ್ಯ ಚಿಕ್ಕ ಮಗುವಿನ ಹಾಗೆ ತಲೆಯಾಡಿಸಿದರು. ಶರಣಮ್ಮ ನನ್ನ ಕಡೆ ನೋಡಲಿಲ್ಲ, ಮೊರದಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿಕೊಂಡಳು.

ಮರುದಿನ ಕುಬಸ ಬಹಳ ಚೆನ್ನಾಗಿ ನಡೆಯಿತು. ಸುಮಾ ಹಸಿರು ಸೀರೆಯುಟ್ಟು, ಹೂವಿನ ದಂಡೆ ಮುಡಿದು, ನಾಚಿಕೊಂಡು ಕೂತಿದ್ದಳು. ಬೀಗರ ಎದುರಿಗೆ ಅಮರಮ್ಮ ಮೊದಲು, ಆಮೇಲೆ ಶರಣಮ್ಮ ಸೀರೆ-ಕುಬಸವಿಟ್ಟು ಉಡಿ ತುಂಬಿದರು. ಸುಮಾಳ ಅತ್ತೆ ಪಕ್ಕದವಳ ಕಿವಿಯಲ್ಲಿ, "ದೊಡ್ಡವ್ವಗೋಳು ಭಾಳ ಜೀವ ಮಾಡ್ತಾರ" ಎಂದದ್ದು ನನಗೂ ಕೇಳಿಸಿತು. ಆಮೇಲೆ ಅಕ್ಕತಂಗಿಯರು ತಮ್ಮತಮ್ಮಲ್ಲೇ ಆಯೇರಿ ಮಾಡಿಕೊಂಡರು. ಅಮರಮ್ಮ ಉಡಿ ತುಂಬುವಾಗ ಶರಣಮ್ಮನ ಕಣ್ಣು ತುಂಬಿತ್ತು. ನನ್ನವೂ ತುಂಬಿದ್ದವು, ಆದರೆ ಚುನಾವಣಾಧಿಕಾರಿಯಾದ್ದರಿಂದ ಗಾಳಿಯ ದೂಳು ಎಂದು ಒರೆಸಿಕೊಂಡೆ.

ಇನ್ನು ಗಂಡಸರ ಸರದಿ. ನಾವು ಮೂವರು ಷಡ್ಡಕರು ಜಮಖಾನದ ಮೇಲೆ ಸಾಲಾಗಿ ಕೂತು ತಲೆ ಸ್ವಲ್ಪ ಮುಂದೆ ಬಾಗಿಸಿದೆವು, ಟೋಪಿ ಇಡಲು ಅನುಕೂಲವಾಗಲೆಂದು. ಮಲ್ಲಮ್ಮ ಬಂದು ನಮ್ಮ ಮುಂದೆ ಒಂದೊಂದು ತೆಂಗಿನಕಾಯಿ, ಎಲೆ-ಅಡಿಕೆ ಇಟ್ಟು ನಮಸ್ಕಾರ ಮಾಡಿ ಹೊರಟಳು.

"ಏ ಮಲ್ಲಿ, ಅಂಗಿ ಅರಿಬಿ?" ಎಂದ ವೀರೇಶ.

"ಗಂಡಸರ ಆಯೇರಿ ಬಂದ್ ಮಾಡೇವ್ರಿ" ಎಂದಳು ಮಲ್ಲಮ್ಮ. "ರಾತ್ರಿ ಪಲ್ಯ ಹೆಚ್ಚುವಾಗ ನಾವು ಮೂರೂ ಮಂದಿ ಮಾತಾಡಿದ್ವಿ. ನಿಮಗ ಅದು ಭಾರ ಆಗೈತಿ ಅಂದ್ರೆಲ್ಲ ಮಾವಾರ. ಇನ್ನ ಮ್ಯಾಲ ಯಾರೂ ಕೊಡಂಗಿಲ್ಲ, ಯಾರೂ ತಗೊಳ್ಳಂಗಿಲ್ಲ."

ನಾನು ದಂಗಾಗಿ ಎದ್ದು ನಿಂತೆ. ನಮಗೆ ಸಂಬಂಧಿಸಿದ ವಿಷಯ, ನಮ್ಮ ಅಂಗಿಯ ವಿಷಯ, ನಮ್ಮನ್ನು ಒಂದು ಮಾತು ಕೇಳದೆ! "ಇದನ್ನ ಮತಕ್ಕ ಹಾಕಬೇಕಾಗಿತ್ತು" ಎಂದೆ ಗಟ್ಟಿಯಾಗಿ. ಅಡುಗೆಮನೆಯ ಬಾಗಿಲಲ್ಲಿ ಶರಣಮ್ಮ ನಿಂತಿದ್ದಳು. "ಖರ್ಚಿನ ವಿಷಯ ಅಲ್ಲೇನ್ರಿ? ವಿಚಾರ ಮಾಡಿ ಮಾಡೇವಿ" ಎಂದು ಒಳಗೆ ಹೋದಳು. ಒಳಗಿನಿಂದ ಮೂರು ಜನರ ನಗು ಒಂದೇ ಸಲಕ್ಕೆ ಕೇಳಿಸಿತು. ನಮ್ಮ ಒಪ್ಪಂದಕ್ಕೆ ಮೂರು ಸಹಿ ಇದ್ದವು, ಫೋಟೋ ಇತ್ತು, ಒಂದು ವಾರ ಬಾಳಲಿಲ್ಲ. ಅವರದಕ್ಕೆ ಕಾಗದವೂ ಇಲ್ಲ, ಸಹಿಯೂ ಇಲ್ಲ, ಇಂದಿಗೂ ಜಾರಿಯಲ್ಲಿದೆ.

ಮನೆಗೆ ಬಂದು ಕಪಾಟು ತೆಗೆದಾಗಲೇ ಆ ಒಪ್ಪಂದದ ಪೂರ್ತಿ ಪರಿಣಾಮ ನನಗೆ ಗೊತ್ತಾದದ್ದು. ಶಿವಪ್ಪನವರಿಗೆ ದಾಟಿಸಬೇಕಾಗಿದ್ದ ಆ ಸಿಮೆಂಟ್ ಬಣ್ಣದ ಅಂಗಿಬಟ್ಟೆ ಅಲ್ಲೇ ಕೂತಿತ್ತು. ಇನ್ನು ಅದು ಲಿಂಗಸುಗೂರಿಗೆ ಹೋಗುವಂತಿಲ್ಲ, ಮಸ್ಕಿಗೆ ಹೋಗುವಂತಿಲ್ಲ. ಗಡಿಗಳು ಮುಚ್ಚಿದಾಗ ಅದು ನನ್ನ ಸರಹದ್ದಿನೊಳಗೆ ಸಿಕ್ಕಿಬಿದ್ದಿತ್ತು. "ಹೊಲಿಸ್ಕೊಳ್ರಿ, ಹೊಸಾ ಬಟ್ಟಿ ಯಾಕ್ ಕೆಡಿಸ್ತೀರಿ" ಎಂದು ಶರಣಮ್ಮ ತಾನೇ ದರ್ಜಿಗೆ ಕೊಟ್ಟು ಬಂದಳು. ಅವನು ಅಳತೆ ಸರಿಯಾಗಿ ಹೊಲಿದ, ಆ ಅಂಗಿ ಬೇಗ ಹರಿಯುವ ಲಕ್ಷಣವೂ ಇಲ್ಲ.

ಮೊನ್ನೆ ನಮ್ಮ ಸಿಂಧನೂರಿನಲ್ಲೇ ಅದೇ ವಿಷಯದ ಮೇಲೆ ಚರ್ಚಾಸ್ಪರ್ಧೆ ನಡೆಯಿತು. ಮತ್ತೆ ನಾನೇ ಮುಖ್ಯ ಅತಿಥಿ, ಮನೆಯವರನ್ನೂ ಕರೆದಿದ್ದರು. ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ಹಸಿ ಸಿಮೆಂಟಿನ ಅಂಗಿ ತೊಟ್ಟುಕೊಂಡು ಮೈಕಿನ ಮುಂದೆ ನಿಂತು, ಕೊನೆಗೆ ಬಲಗೈ ಎತ್ತಿ, "ಯಾರ ಬದುಕಿಗೆ ಒಪ್ಪಂದದ ಬಿಸಿ ತಾಕುತ್ತದೋ ಅವರನ್ನು ಕೇಳದೆ ಹಾಕಿದ ಸಹಿ ಸಹಿಯೇ ಅಲ್ಲ!" ಎಂದೆ. ಖಾದರ್ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಮೊದಲ ಸಾಲಿನಲ್ಲಿ ಅಕ್ಕ ಉಡಿಸಿದ ಸೀರೆಯುಟ್ಟು ಕೂತಿದ್ದ ಶರಣಮ್ಮ ನನ್ನ ಅಂಗಿಯನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು.